ಮಿಸ್ಸಿನ ಕಿರುಬೆರಳು

ಹೋದ ವಾರ ಆಫೀಸಿನಲ್ಲಿ ಟೈಪ್‌ರೈಟರಿನ ರಿಬ್ಬನ್ ಬದಲಾಯಿಸುತ್ತಿದ್ದೆ. ಅಕ್ಷರಗಳ ಸಂದಿಯಲ್ಲಿ ಕೂತ ಮಸಿಯನ್ನು ತೆಗೆಯೋಣವೆಂದು ಹಳೆಯ ಬ್ರಷ್ಷೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿದೆ. ಅದೇ ಹೊತ್ತಿಗೆ ಪಕ್ಕದ ಮೇಜಿನ ಗುಮಾಸ್ತರು ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಹಾಕಿಕೊಂಡರು. ಸೀಮೆಎಣ್ಣೆ, ರಿಬ್ಬನ್ನಿನ ಮಸಿ, ಪೆಪ್ಪರ್‌ಮಿಂಟ್... ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಮೊಣಕೈಗಳು ಪಕ್ಕೆಗೆ ಅಂಟಿಕೊಂಡವು.

"ಏನ್ರೀ, ಸಾಹೇಬ್ರು ಬಂದ್ರಾ?" ಎಂದು ಗುಮಾಸ್ತರು ಗಾಬರಿಯಿಂದ ಬಾಗಿಲ ಕಡೆ ನೋಡಿದರು.

ಸಾಹೇಬರು ಬಂದಿರಲಿಲ್ಲ. ಮಿಸ್ ಬಂದಿದ್ದರು, ನನ್ನ ತಲೆಯೊಳಗೆ ಮಾತ್ರ. ನನಗೆ ಟೈಪಿಂಗ್ ಕಲಿಸಿದವರು. ಎರಡು ವರ್ಷ ನಾನು ಪ್ರೀತಿಸಿದವರು. ಅವರು ಮಾಡಿದ್ದೇನೆಂದು ಗೊತ್ತಿದ್ದೂ ಬಹುವಚನ ಬಿಟ್ಟು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ. ಅವರು ನನ್ನನ್ನು ನೀನು ಎನ್ನುತ್ತಿದ್ದರು. ನಾನು ಅವರನ್ನು ನೀವು ಎನ್ನಬೇಕಿತ್ತು. ಪ್ರೀತಿಯಲ್ಲೂ ಹಾಜರಿ ತೆಗೆದುಕೊಳ್ಳುವ ಹೆಂಗಸು ಅದು.

ಯುದ್ಧದ ಕಾಲ. ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ, ತುಂಬ ಖಾಕಿ. ಟೈಪ್ ಬರುವ ಹುಡುಗನಿಗೆ ಮಿಲಿಟರಿ ಆಫೀಸಿನಲ್ಲಿ ಕುರ್ಚಿ ಕಾದಿರುತ್ತದೆ ಎಂದು ಯಾರೋ ನಮ್ಮಪ್ಪನ ಕಿವಿಗೆ ಹಾಕಿದ್ದರು. ನನಗಾಗ ಇಪ್ಪತ್ತು. ಹಲಸೂರಿನ ಬೀದಿಗಳಲ್ಲಿ ಅಡ್ಡಾಡುತ್ತ ಎದುರು ಸಿಕ್ಕವರ ದನಿಯನ್ನು ಅವರಿಗೇ ವಾಪಸು ಕೊಡುವುದು ನನ್ನ ಉದ್ಯೋಗವಾಗಿತ್ತು. ಸೊಪ್ಪಿನಮ್ಮನ ತಮಿಳು, ಬೀಟ್ ಪೊಲೀಸನ ಗದರಿಕೆ, ನಮ್ಮಪ್ಪ ಊಟವಾದ ಮೇಲೆ ತೇಗಿ ದೇವರ ಹೆಸರು ಹೇಳುವ ಪರಿ, ಯಾವುದೂ ಒಮ್ಮೆ ಕೇಳಿದರೆ ಸಾಕು, ನಾಲಗೆಗೆ ಅಂಟುತ್ತಿತ್ತು. ಬಾರದಿದ್ದ ದನಿ ಒಂದೇ, ಅದು ನನ್ನದು. ಹುಟ್ಟಿದಾಗಿನಿಂದ ಉಗ್ಗು. ಗೋರಾ ಸಾರ್ಜೆಂಟನ ದನಿಯಲ್ಲಿ ರೆಜಿಮೆಂಟಿಗೇ ಹುಕುಂ ಕೊಡಬಲ್ಲವನಿಗೆ ತನ್ನ ಸ್ವಂತ ದನಿಯಲ್ಲಿ ಅರ್ಧ ಸೇರು ಬೆಲ್ಲ ಕೇಳಲು ಆಗುತ್ತಿರಲಿಲ್ಲ. ಹಾಗಾಗಿ ಬೆಲ್ಲವನ್ನೂ ಸಾರ್ಜೆಂಟನ ದನಿಯಲ್ಲೇ ಕೇಳುತ್ತಿದ್ದೆ. ಅಂಗಡಿಯವನು ಸೆಲ್ಯೂಟ್ ಹೊಡೆದು ತೂಗುತ್ತಿದ್ದ. ಎಲ್ಲೋ ತಪ್ಪಿ ನಾನು ಉಗ್ಗಿದರೆ, ಇವನು ಇನ್ಯಾರನ್ನೋ ಅಣಕಿಸುತ್ತಿದ್ದಾನೆ ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬೇರೆ ದಾರಿ?

ಅದು ಅಣಕಲ್ಲ, ನಿಜ ಎಂದು ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ನನ್ನ ಜೊತೆಗಾರನಿಗೆ ಮಾತ್ರ. ಅವನ ತಂದೆಯದು ಕುದುರೆಯ ಜೀನು, ಲಗಾಮು ಹೊಲಿಯುವ ಅಂಗಡಿ. ಈಗ ಶಿವಾಜಿನಗರ ಎನ್ನುತ್ತಿರುವ ಆಗಿನ ಬ್ಲ್ಯಾಕ್‌ಪಲ್ಲಿಯಲ್ಲಿತ್ತು. ಮನೆಯಲ್ಲಿ ದಖ್ಖನಿ, ನನ್ನ ಹತ್ತಿರ ಕನ್ನಡ. ಆದರೆ ಮಾತೇ ಕಡಿಮೆ. ಅವನು ಮಾಡುತ್ತಿದ್ದದ್ದು ಸದ್ದು. ಮಳೆಯಲ್ಲಿ ನೆನೆದ ಜಟಕಾ ಕುದುರೆ ಮೂಗು ಸೀಟುವುದು, ಒದ್ದಷ್ಟೂ ಸ್ಟಾರ್ಟ್ ಆಗದ ಮೋಟಾರ್ ಸೈಕಲ್ಲು, ಕೃಷ್ಣರಾಜಪುರ ಸ್ಟೇಷನ್ನಿನಿಂದ ಹೊರಡುವ ರೈಲು. ಮನುಷ್ಯರೆಲ್ಲ ನನ್ನ ಪಾಲು, ಉಳಿದ ಜಗತ್ತು ಅವನ ಪಾಲು. ಬುಧವಾರ ಸಂಜೆ ಸಿಪಾಯಿಗಳ ಮನರಂಜನೆಯ ಹಾಲ್‌ನಲ್ಲಿ ನಮ್ಮಿಬ್ಬರ ಆಟ. ಅವನು ರೈಲು ತಂದು ನಿಲ್ಲಿಸಿದರೆ ನಾನು ಅದರಿಂದ ಅರವತ್ತು ಜನರನ್ನು ಇಳಿಸುತ್ತಿದ್ದೆ.

ಅವನ ಒಂದು ಗುಣ ಹೇಳಬೇಕು. ನಾನು ಮಾತಿಗೆ ಸಿಕ್ಕಿಕೊಂಡಾಗ ಎಲ್ಲರೂ ಮುಂದಿನ ಶಬ್ದ ತಾವೇ ಹೇಳಿ ನನಗೆ ಉಪಕಾರ ಮಾಡುತ್ತಿದ್ದರು. ಅವನು ಹಾಗೆ ಮಾಡಿದವನಲ್ಲ. ಕೈಯಲ್ಲಿನ ಚರ್ಮ ನೋಡುತ್ತ, ದಾರಕ್ಕೆ ಮೇಣ ಉಜ್ಜುತ್ತ, ನಾನು ಮುಗಿಸುವ ತನಕ ಕೂತಿರುತ್ತಿದ್ದ.

ಮಿಸ್ ಪಾಠ ಹೇಳುತ್ತಿದ್ದದ್ದು ಅವನ ಅಂಗಡಿಯಿಂದ ಎರಡು ಬೀದಿ ಆಚೆ, ಪಾತ್ರೆ ಅಂಗಡಿಯೊಂದರ ಮಹಡಿಯಲ್ಲಿ. ಕೆಳಗೆ ಪಾತ್ರೆಗೆ ಹೆಸರು ಕೊರೆಯುವ ಟಕಟಕ, ಮೇಲೆ ಎಂಟು ಮಿಷನ್ನುಗಳ ಟಕಟಕ. ಅವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಉದ್ದ ತೋಳಿನ ರವಿಕೆ, ಮಣಿಕಟ್ಟಿಗೆ ಗಂಡಸರು ಕಟ್ಟುವ ದೊಡ್ಡ ಗಡಿಯಾರ, ಕೆನ್ನೆಯೊಳಗೆ ಸದಾ ಒಂದು ಪೆಪ್ಪರ್‌ಮಿಂಟ್. ಚಿಕ್ಕಮ್ಮನ ಜೊತೆ ಕೋಲ್ಸ್ ಪಾರ್ಕಿನ ಹತ್ತಿರ ವಾಸ. ಚೆನ್ನಾಗಿ ಟೈಪ್ ಮಾಡಿದವರಿಗೆ ಪೆಪ್ಪರ್‌ಮಿಂಟನ್ನು ಹಲ್ಲಿನಲ್ಲಿ ಅಲ್ಲ, ಕತ್ತರಿಯಲ್ಲಿ ಅರ್ಧ ಮಾಡಿ ಕೊಡುತ್ತಿದ್ದರು. ಇಡೀ ಪೆಪ್ಪರ್‌ಮಿಂಟ್ ಪಡೆದ ವಿದ್ಯಾರ್ಥಿ ಆ ಇನ್‌ಸ್ಟಿಟ್ಯೂಟಿನ ಚರಿತ್ರೆಯಲ್ಲೇ ಇರಲಿಲ್ಲ.

ಅವರು ಕಾಗದ ತಿದ್ದುವ ರೀತಿಯೇ ಬೇರೆ. ಹಾಳೆಯನ್ನು ಬೋರಲು ಹಾಕಿ ಹಿಂಬದಿಯ ಮೇಲೆ ಹೆಬ್ಬೆರಳು ಓಡಿಸುವರು. ಯಾವ ಬೆರಳು ಎಷ್ಟು ಜೋರಾಗಿ ಹೊಡೆದಿದೆ ಎನ್ನುವುದು ಅಲ್ಲಿ ಗುಳ್ಳೆ ಗುಳ್ಳೆಯಾಗಿ ಎದ್ದಿರುತ್ತಿತ್ತು.

"ವಾಟ್ ಈಸ್ ದಿಸ್? ನಿನ್ನ ಎಡಗೈ ಕಿರುಬೆರಳು ಬದುಕಿದೆಯಾ, ಸತ್ತಿದೆಯಾ?" ಎಂದು ಮೊದಲ ದಿನವೇ ಕೇಳಿದ್ದರು. "ನಿನ್ನ 'ಎ' ಮುಟ್ಟಿದರೆ ಸಿಗೋದೇ ಇಲ್ಲ. ಮುಂದೆ ನೋಡಿದ್ರೆ ಎಲ್ಲರ ಟೈಪೂ ಒಂದೇ ಕಣೋ. ಹಿಂದೆ ಮುಟ್ಟಿ ನೋಡು, ಪ್ರತಿಯೊಬ್ಬರದ್ದೂ ಗೊತ್ತಾಗುತ್ತೆ."

ನನಗೂ ಅದನ್ನು ಕಲಿಸಿದರು. ಎಂಟು ಜನರ ಹಾಳೆ ಕಲಸಿ ಬೋರಲಿಟ್ಟರೆ, ಕಣ್ಣು ಮುಚ್ಚಿ ಯಾರದ್ದು ಯಾವುದೆಂದು ಹೇಳುವಷ್ಟು ಪಳಗಿದೆ. ಎಲ್ಲರ ಕಿರುಬೆರಳೂ ಬಡಕಲು. ಮಿಸ್ಸಿನದು ಮಾತ್ರ ಹಾಗಲ್ಲ. ವರ್ಷಗಟ್ಟಲೆ ಪಳಗಿದ ಆ ಬೆರಳು 'ಎ' ಹೊಡೆದರೆ ಕಾಗದದ ಬೆನ್ನಿನಲ್ಲಿ ಸಾಸಿವೆ ಕಾಳಿನಂತೆ ಎದ್ದು ಕೂರುತ್ತಿತ್ತು.

ಪ್ರೀತಿ ಹೇಗೆ ಶುರುವಾಯಿತೆಂದು ನೆನೆದರೆ ನಗು ಬರುತ್ತದೆ. ಒಂದು ದಿನ ಅವರಿಲ್ಲದಾಗ ಎಂಟೂ ಮಿಷನ್ನಿನವರನ್ನು ಒಬ್ಬೊಬ್ಬರಾಗಿ ಅಣಕಿಸುತ್ತಿದ್ದೆ. ತಿರುಗಿದರೆ ಬಾಗಿಲಲ್ಲಿ ಮಿಸ್. ಬೈಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲರೂ ಹೋದ ಮೇಲೆ, "ಇಷ್ಟೆಲ್ಲ ಜನ ಬಂದುಹೋದ್ರು. ನೀನು ಯಾವಾಗ ಬರ್ತೀಯ?" ಎಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಉಗ್ಗುತ್ತ ಉಗ್ಗುತ್ತ ಎಲ್ಲ ಹೇಳಿಬಿಟ್ಟೆ. ಉಗ್ಗಿನ ಕಥೆ, ಅದಕ್ಕಾಗಿ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತದ್ದು, ನನ್ನ ಜೊತೆಗಾರ ಒಬ್ಬನೇ ಕಾಯುತ್ತಾನೆ ಎನ್ನುವುದು... ಅವರು ನನ್ನ ಕೈಮೇಲೆ ಕೈಯಿಟ್ಟು ಕೇಳಿದರು. ಆ ಸಂಜೆ ಬ್ಲ್ಯಾಕ್‌ಪಲ್ಲಿಯಿಂದ ಹಲಸೂರಿಗೆ ನಾನು ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ.

ಒಂದು ಷರತ್ತಿತ್ತು. "ಯಾರನ್ನಾದ್ರೂ ಅಣಕಿಸು, ನನ್ನನ್ನ ಮಾತ್ರ ಕೂಡದು." ಟೈಪ್‌ರೈಟರಿನ ಮೇಲೆ ಕೈಯಿಡಿಸಿ ಆಣೆ ಹಾಕಿಸಿಕೊಂಡರು. ನಾನೂ ಧರ್ಮಗ್ರಂಥ ಮುಟ್ಟಿದವನಂತೆ ಕಣ್ಣುಮುಚ್ಚಿ ಹಾಕಿದೆ. ಪೆದ್ದನಿಗೆ ಅಷ್ಟಾದರೂ ಭಕ್ತಿ ಇರಬೇಡವೇ?

ಆಮೇಲೆ ತಲೆನೋವುಗಳು ಶುರುವಾದವು. ಮಿಸ್ಸಿನ ತಲೆನೋವಿಗೆ ಪಂಚಾಂಗ ಚೆನ್ನಾಗಿ ಗೊತ್ತಿತ್ತು. ಅದು ಬುಧವಾರ ಮಧ್ಯಾಹ್ನವೇ ಬರುತ್ತಿತ್ತು. "ಹೋಗು, ಹೋಗು. ನಿನ್ನ ಆಟ ಮುಖ್ಯ. ನನಗೇನು, ಮಲಗ್ತೀನಿ ಒಬ್ಬಳೇ" ಎನ್ನುತ್ತಿದ್ದರು. ಹೋದರೆ ನಾಲ್ಕು ದಿನ ಮಾತಿಲ್ಲ. ಹೋಗದಿದ್ದರೆ ಅರ್ಧ ಪೆಪ್ಪರ್‌ಮಿಂಟ್. ಎಷ್ಟೋ ಬುಧವಾರ ನನ್ನ ಜೊತೆಗಾರ ವೇದಿಕೆಯ ಮೇಲೆ ಒಬ್ಬನೇ ರೈಲು ತಂದು ನಿಲ್ಲಿಸಿದ. ಇಳಿಯಲು ಯಾರೂ ಇಲ್ಲದೆ ಅದನ್ನು ಹಾಗೇ ವಾಪಸು ಕಳಿಸಿದ. ಸಿಪಾಯಿಗಳು ಶಿಳ್ಳೆ ಹಾಕಿದರಂತೆ. ಮರುದಿನ ಸಿಕ್ಕಾಗ ಅವನು ಕೇಳಿದ್ದು ಇಷ್ಟೇ: "ಮಿಸ್ಸಮ್ಮನ ತಲೆ ಹೇಗಿದೆ ರೇ?"

ಅವನಿಗೆ ಆ ಆಟ ಬೇಕಾಗಿತ್ತು. ಸೈನ್ಯದಲ್ಲಿ ಕುದುರೆ ಹೋಗಿ ಲಾರಿ ಬಂದಿತ್ತು, ಜೀನು ಕೇಳುವವರಿಲ್ಲ. ಅವನ ತಂದೆ, ಗೂರಲು ಕೆಮ್ಮಿನ ಮುದುಕ, ಒಂದು ಆರ್ಡರಿಗಾಗಿ ಮಿಲಿಟರಿ ಆಫೀಸುಗಳ ಬಾಗಿಲು ಬಾಗಿಲು ಅಲೆಯುತ್ತಿದ್ದರು. ಅಷ್ಟರಲ್ಲಿ ಸುದ್ದಿ ಬಂತು: ಊರೂರಿನ ಆಸ್ಪತ್ರೆಗಳಲ್ಲಿ ಗಾಯಗೊಂಡು ಮಲಗಿದ ಸಿಪಾಯಿಗಳನ್ನು ನಗಿಸಲು ಒಂದು ತಂಡ ಕಟ್ಟುತ್ತಿದ್ದಾರೆ, ನಮ್ಮ ಜೋಡಿಯನ್ನು ನೋಡಲು ಒಬ್ಬ ಅಧಿಕಾರಿ ಮುಂದಿನ ತಿಂಗಳು ಬರುತ್ತಾನೆ. ಜೋಡಿಯಾದರೆ ಮಾತ್ರ. ಒಂಟಿ ಗುಬ್ಬಿಗಳು ಅವರಿಗೆ ಬೇಡ.

ಆ ಸುದ್ದಿಯನ್ನು ಮಿಸ್ಸಿಗೆ ಹೇಳಿದೆ. "ತುಂಬಾ ಸಂತೋಷ" ಎಂದರು.

ನಾಲ್ಕು ದಿನಕ್ಕೆ ಅಂಚೆಯಲ್ಲಿ ಮೊದಲ ಕಾಗದ ಬಂತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು, ಕೆಳಗೆ ಹೆಸರಿನ ಬದಲು 'ನಿನ್ನ ಹಿತೈಷಿ'. ನಿನ್ನ ಜೊತೆಗಾರ ಜಟಕಾ ಸ್ಟ್ಯಾಂಡಿನಲ್ಲಿ ನಿನ್ನ ಉಗ್ಗನ್ನು ಅಣಕಿಸಿ ತೋರಿಸುತ್ತಾನೆ, ಕೋತಿ ನೀನು, ಆಡಿಸುವವನು ತಾನು ಎನ್ನುತ್ತಾನೆ, ಎಂದಿತ್ತು. ಎರಡನೆಯದರಲ್ಲಿ ಶಾಲೆಯ ಬೆಂಚಿನ ಕಥೆಯೂ ಇತ್ತು. ಅದು ಜೊತೆಗಾರನನ್ನು ಬಿಟ್ಟು ಇನ್ಯಾರಿಗೆ ಗೊತ್ತು? ಎಂದುಕೊಂಡೆ. ಇನ್ಯಾರಿಗೆ ಗೊತ್ತಿತ್ತು ಎನ್ನುವುದು ನನ್ನ ಮೂಗಿನ ಕೆಳಗೇ ಇತ್ತು. ಜಗತ್ತನ್ನೆಲ್ಲ ಗೇಲಿ ಮಾಡುವವನಿಗೆ ತನ್ನನ್ನು ಗೇಲಿ ಮಾಡುತ್ತಾರೆ ಎನ್ನುವುದನ್ನು ನಂಬಲು ಎಷ್ಟು ಹೊತ್ತು ಬೇಕು! ಕಾಗದಗಳನ್ನು ಮಿಸ್ಸಿಗೇ ಹೋಗಿ ತೋರಿಸಿದೆ. ಅವರು ಓದಿ ನಿಟ್ಟುಸಿರಿಟ್ಟರು. "ನಾನು ಹೇಳಿದ್ರೆ ನಿನಗೆ ಬೇಜಾರಾಗ್ತಿತ್ತು... ನಾನು ಬಿಟ್ರೆ ಈ ದಂಡಲ್ಲಿ ನಿನ್ನ ಮಾತು ಕೇಳೋರು ಯಾರಿದಾರೆ ಹೇಳು?"

ಜೊತೆಗಾರನನ್ನು ನಾನು ಒಂದು ಮಾತೂ ಕೇಳಲಿಲ್ಲ. ಕೇಳಬೇಕಾದರೆ ನನ್ನ ದನಿಯಲ್ಲಿ ಕೇಳಬೇಕಿತ್ತು.

ಅಧಿಕಾರಿ ಬಂದ ಬುಧವಾರ ಹಾಲ್ ಕಿಕ್ಕಿರಿದಿತ್ತು. ಮಿಸ್ಸಿಗೆ ಅಂದು ತಲೆನೋವಿರಲಿಲ್ಲ. ಎಂದೂ ಬರದವರು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ನಮ್ಮದು ಜಟಕಾ ಪ್ರಸಂಗ. ಅವನು ನಾಲಗೆಯಿಂದ ಕುದುರೆ ಓಡಿಸುತ್ತಿದ್ದ. ನಾನು ಸವಾರಿ ಕೇಳುವ ಮೇಮ್ ಸಾಹೇಬಳಾಗಿ ಹತ್ತಬೇಕಿತ್ತು. ಹತ್ತಲಿಲ್ಲ. ಬೆನ್ನು ಬಗ್ಗಿಸಿ, ಎದೆಯ ಆಳದಿಂದ ಒಂದು ಗೂರಲು ಕೆಮ್ಮು ತೆಗೆದು, "ಹುಜೂರ್... ಏಕ್ ಆರ್ಡರ್, ಹುಜೂರ್... ಆಧಾ ಆರ್ಡರ್ ಹೀ ಸಹೀ" ಎಂದು ಸಲಾಂ ಹೊಡೆಯುತ್ತ ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದೆ. ಆ ಮುದುಕರನ್ನು ಬಾಗಿಲಲ್ಲಿ ನೋಡದ ಸಿಪಾಯಿಯೇ ಇರಲಿಲ್ಲ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನನ್ನ ಜೀವಮಾನದ ಅತ್ಯುತ್ತಮ ಅಣಕು ಅದು. ಈಗಲೂ ಹಾಗೇ ಅನ್ನಿಸುತ್ತದೆ ಎನ್ನುವುದೇ ನನ್ನ ಶಿಕ್ಷೆ.

ಕುದುರೆ ನಿಂತಿತು. ತಿರುಗಿ ನೋಡಿದರೆ ಜೊತೆಗಾರ ತನ್ನ ಟೋಪಿ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಅಧಿಕಾರಿ ಬೇರೆ ಯಾವುದೋ ಜೋಡಿಯನ್ನು ಆರಿಸಿದ. ಹೊರಗೆ ಮಿಸ್ ಕಾಯುತ್ತಿದ್ದರು. ನನ್ನ ಅಂಗೈಯಲ್ಲಿ ಇಡೀ ಒಂದು ಪೆಪ್ಪರ್‌ಮಿಂಟ್ ಇಟ್ಟರು. ನಾನು ತಿಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತಿಗೂ ಆ ಮಹಡಿಯ ಮೇಲೇ ಇರುತ್ತಿದ್ದೆನೇನೋ. ಆದರೆ ಇನ್ನೊಂದು ಕಾಗದ ಬಂತು. ಈ ಸಲ ಅಮ್ಮನ ಮೇಲೆ. ನಿನ್ನ ತಾಯಿ ಬೀದಿ ನಲ್ಲಿಯ ಹತ್ತಿರ ನಿಂತು, ಇಂಥ ಮಗನನ್ನು ಹೆತ್ತದ್ದು ತನ್ನ ಕರ್ಮ ಎಂದು ಹೆಂಗಸರ ಮುಂದೆ ಹೇಳಿಕೊಳ್ಳುತ್ತಾಳೆ, ಎಂದಿತ್ತು. ಇಂಗ್ಲಿಷ್ ಬಾರದ ಅಮ್ಮ ಆ ಕಾಗದವನ್ನು ತಾನೇ ತಂದುಕೊಟ್ಟು, "ಕೆಲ್ಸದ್ದೇನೋ ಮಗಾ?" ಎಂದು ಆಸೆಯಿಂದ ಕೇಳಿ, ಎದುರಿಗೇ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಮ್ಮಮ್ಮ ನಲ್ಲಿಯ ಹತ್ತಿರ ಮಾತಾಡುವುದೇ! ಕೊಡ ಕದ್ದವರನ್ನು ಕೂಡ ಕೇಳದೆ ಮನೆಗೆ ಬಂದವಳು ಅವಳು. ಕಾಗದ ಹಿಡಿದು ಅವಳನ್ನೇ ನೋಡುತ್ತಿದ್ದೆ. ಅಭ್ಯಾಸಬಲದಿಂದ ನನ್ನ ಹೆಬ್ಬೆರಳು ಕಾಗದದ ಹಿಂಬದಿಯಲ್ಲಿ ಓಡುತ್ತಿತ್ತು... ಓಡುತ್ತಿದ್ದದ್ದು ನಿಂತಿತು.

ಸಾಸಿವೆ ಕಾಳು. ಒಂದಲ್ಲ, ಸಾಲು ಸಾಲು.

ಒಳಗೆ ಹೋಗಿ ಹಳೆಯ ಕಾಗದಗಳನ್ನು ತಂದೆ. ಮಾದರಿಗೆಂದು ಮಿಸ್ ನನಗೆ ಟೈಪ್ ಮಾಡಿಕೊಟ್ಟಿದ್ದ ಪಾಠದ ಹಾಳೆಯನ್ನೂ ತಂದೆ. ಎಲ್ಲ ಬೋರಲಿಟ್ಟು ಕಣ್ಣುಮುಚ್ಚಿ ಮುಟ್ಟಿದೆ. ಬೇರೆಯವರು ಅದೇ ಮಿಷನ್ನು ಬಳಸಿರಬಹುದು ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಮಿಷನ್ನನ್ನು ಯಾರು ಬೇಕಾದರೂ ಬಳಸಬಹುದು. ಆ ಕಿರುಬೆರಳು ಇನ್ನೊಬ್ಬರಿಗಿರಲಿಲ್ಲ. "ಯಾಕೋ ಅಳ್ತಿದೀಯ?" ಎಂದಳು ಅಮ್ಮ. ಕೆಲಸದ್ದಲ್ಲ ಎಂದೆ.

ಶನಿವಾರ ಮಧ್ಯಾಹ್ನ ಮಿಷನ್ನುಗಳನ್ನು ಸೀಮೆಎಣ್ಣೆಯಲ್ಲಿ ಶುಚಿಮಾಡುವ ಹೊತ್ತು. ಮಿಸ್ ಒಬ್ಬರೇ ಇರುತ್ತಿದ್ದರು. ವಿದ್ಯಾರ್ಥಿಗಳ ಹಾಳೆಗಳ ನಡುವೆ ಆ ಕಾಗದಗಳನ್ನು ಬೋರಲಿಟ್ಟು ಮುಂದೆ ಸರಿಸಿದೆ. ಎಂದಿನಂತೆ ಹೆಬ್ಬೆರಳು ಓಡಿಸಿದರು. ಒಂದು, ಎರಡು... ಮೂರನೆಯದರ ಮೇಲೆ ಬೆರಳು ನಿಂತಿತು. ಹಾಳೆಯನ್ನು ತಿರುಗಿಸಿ ನೋಡುವ ಗೋಜಿಗೂ ಹೋಗಲಿಲ್ಲ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು" ಎಂದರು. "ನೀನು ಊರೂರು ಅಲೆಯೋಕೆ ಹೋಗ್ತಿದ್ದೆ. ನಾನು..."

ಅವರ ಕಣ್ಣು ತುಂಬುತ್ತಿತ್ತು. ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಎರಡು ವರ್ಷದ ಪಾಠ ಅದು. ಅವರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. ಅವರದೇ ದನಿ, ಕೆನ್ನೆಯೊಳಗಿನ ಪೆಪ್ಪರ್‌ಮಿಂಟಿನ ಸಮೇತ.

"ನಿನಗೋಸ್ಕರ ನಾನು ಯಾರ್ಯಾರನ್ನ ಬಿಟ್ಟೆ ಅಂತ ನಿನಗೇನು ಗೊತ್ತು?"

ಮಿಸ್ ಬೆಚ್ಚಿದರು. ಆಮೇಲೆ, ಆಟ ಎಂದುಕೊಂಡರೋ ಏನೋ, ಸಣ್ಣಗೆ ನಕ್ಕರು. "ಏಯ್, ಆಣೆ ಹಾಕಿದ್ದೆ!"

"ಹೋಗು, ಹೋಗು. ನನಗೇನು, ಮಲಗ್ತೀನಿ ಒಬ್ಬಳೇ."

"ಸಾಕು ನಿಲ್ಸು."

"ನಾನು ಬಿಟ್ರೆ ಈ ದಂಡಲ್ಲಿ ನಿನ್ನ ಮಾತು ಕೇಳೋರು ಯಾರಿದಾರೆ ಹೇಳು?"

ನಗು ಹೋಯಿತು. ಎಲ್ಲ ಹೇಳಿದೆ. ತಲೆನೋವು, ನಿಟ್ಟುಸಿರು, ನಾಲ್ಕು ದಿನದ ಮೌನ ಮುರಿಯುವಾಗಿನ ಆ ಸಣ್ಣ ಕೆಮ್ಮು. ಎಲ್ಲೂ ಉಗ್ಗಲಿಲ್ಲ. ಕೊನೆಗೆ ಅವರು ಬ್ರಷ್ಷನ್ನು ಕೆಳಗಿಟ್ಟು, ಮಗುವಿನಷ್ಟು ಸಣ್ಣ ದನಿಯಲ್ಲಿ, "ನಾನು ಹಾಗಾ ಮಾತಾಡೋದು?" ಎಂದು ಕೇಳಿದರು.

ಆ ಒಂದು ಮಾತು ನನ್ನ ಪಟ್ಟಿಯಲ್ಲಿರಲಿಲ್ಲ. ಇನ್ನೊಂದು ಕ್ಷಣ ನಿಂತಿದ್ದರೆ ಕುರ್ಚಿ ಎಳೆದು ಕೂತುಬಿಡುತ್ತಿದ್ದೆ. ಮೆಟ್ಟಿಲಿಗೆ ತಿರುಗಿದೆ. ಅರ್ಧ ಇಳಿದಾಗ ಮೇಲಿನಿಂದ ಹಳೆಯ ದನಿಯೇ ಕೇಳಿತು: "ಸೋಮವಾರ ಏಳೂವರೆಗೆ ಕ್ಲಾಸಿದೆ, ನೆನಪಿರ್ಲಿ!"

ಬಿಡಿಸಿಕೊಂಡು ವೀರನಂತೆ ಹೊರಟುಹೋದೆ ಎಂದು ಬರೆದರೆ ನನ್ನ ಕೈಯೇ ನನ್ನನ್ನು ನೋಡಿ ನಕ್ಕೀತು. ಸೋಮವಾರ ಏಳೂವರೆಗೆ ಪಾತ್ರೆ ಅಂಗಡಿಯ ಮುಂದೆ ನಿಂತಿದ್ದೆ. ಮಂಗಳವಾರವೂ. ಒಂದು ದಿನ ಆರು ಮೆಟ್ಟಿಲು ಹತ್ತಿ ಇಳಿದೆ. ಮಿಸ್ಸಿಗೆ ಜ್ವರ, ನಿನ್ನ ಹೆಸರೇ ಕನವರಿಸುತ್ತಾಳೆ ಎಂದು ಅವರ ಚಿಕ್ಕಮ್ಮ ಹೇಳಿಕಳಿಸಿದರು. ಹೋಗಲಿಲ್ಲ. ಹೋಗದಿರುವುದು ಒಂದು ದಿನದ ಕೆಲಸವಲ್ಲ. ದಿನಾ ಬೆಳಗ್ಗೆ ಎದ್ದು ಹೊಸದಾಗಿ ಹೋಗದೇ ಇರಬೇಕಾಗುತ್ತಿತ್ತು. ಪರೀಕ್ಷೆಯನ್ನು ಬೇರೆ ಕಡೆ ಕಟ್ಟಿ ಪಾಸಾದೆ.

ಜೊತೆಗಾರನ ಅಂಗಡಿಗೆ ಹೋಗುವ ಧೈರ್ಯ ಬರಲು ಒಂದು ತಿಂಗಳು ಹಿಡಿಯಿತು. ಕಾಗದಗಳನ್ನು ಮುಂದಿಟ್ಟೆ. ಅವನಿಗೆ ಇಂಗ್ಲಿಷ್ ಬಾರದು. "ಓದಿ ಹೇಳು" ಎಂದ. ನನ್ನ ದನಿಯಲ್ಲಿ, ಒಂದೊಂದು ಸಾಲನ್ನೂ ಕನ್ನಡಕ್ಕೆ ತರುತ್ತ, ಉಗ್ಗುತ್ತ ಓದಿದೆ. ತುಂಬ ಹೊತ್ತು ಹಿಡಿಯಿತು. ಅವನು ಕೊನೆಯ ತನಕ ಕಾದ. ಆಮೇಲೆ ದಾರ ಕಡಿದು ಹೇಳಿದ:

"ಇದೆಲ್ಲ ಆಯಮ್ಮ ಬರೆದಿದ್ದು. ಸರಿ, ಒಪ್ಕೊಂಡೆ. ನಮ್ಮ ಅಬ್ಬಾನ ಕೆಮ್ಮು? ಅದನ್ನ ಯಾರು ಟೈಪ್ ಮಾಡಿಕೊಟ್ರು ನಿಂಗೆ?"

ಅವನು ಇನ್ನೊಂದು ದಾರ ಪೋಣಿಸಿದ.

ಮಿಸ್ ಈಗ ಎಲ್ಲಿದ್ದಾರೋ ತಿಳಿಯದು. ಯುದ್ಧ ಮುಗಿದ ಮೇಲೆ ಮದ್ರಾಸಿಗೆ ಹೋದರೆಂದು ಒಬ್ಬರು, ಮದುವೆಯಾಗಿ ಕೋಲಾರದ ಕಡೆ ಇದ್ದಾರೆಂದು ಇನ್ನೊಬ್ಬರು. ಮಹಡಿಯ ಮೇಲೆ ಈಗ ಛತ್ರಿ ರಿಪೇರಿ. ಅವರ ಮೇಲೆ ಸಿಟ್ಟಿದೆಯೇ ಎಂದರೆ ಇದೆ. ಅವರು ಕಲಿಸಿದ ಬೆರಳುಗಳಿಂದಲೇ ಅನ್ನ ತಿನ್ನುತ್ತಿದ್ದೇನೆ ಎನ್ನುವುದು ಸಿಟ್ಟನ್ನು ಇನ್ನೂ ಸ್ವಲ್ಪ ಹೆಚ್ಚಿಸುತ್ತದೆ. ನನ್ನಿಂದ ಒಂದು ಪ್ರೀತಿಯನ್ನು ಕಿತ್ತುಕೊಂಡದ್ದಕ್ಕಲ್ಲ ಸಿಟ್ಟು. ನಾನು ಎಂಥವನಾಗಬಲ್ಲೆ ಎನ್ನುವುದನ್ನು ನನಗಿಂತ ಮೊದಲು ಕಂಡುಹಿಡಿದು, ಅದಕ್ಕೆ ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಕ್ಕೆ.

ಬರುವ ತಿಂಗಳು ನನ್ನ ಮದುವೆ. ಮೊನ್ನೆ ಕರೆಯೋಲೆ ಹಿಡಿದು ಜೊತೆಗಾರನ ಅಂಗಡಿಗೆ ಹೋದೆ. ಅವನ ತಂದೆ ತೀರಿಕೊಂಡು ಮೂರು ವರ್ಷವಾಯಿತು. ಜೀನು ಹೋಗಿ ಈಗ ಚರ್ಮದ ಕೈಚೀಲ, ಸೈಕಲ್ ಸೀಟು ಹೊಲಿಯುತ್ತಾನೆ. ಕೈ ಒರೆಸಿಕೊಂಡು ಕರೆಯೋಲೆ ತೆಗೆದುಕೊಂಡ. "ಯಾವತ್ತು?" ಎಂದ. ವಾರ ಹೇಳಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಅವನು ಸೀಟಿನ ಚರ್ಮ ನೋಡುತ್ತ ಕೂತ. ಶುಕ್ರವಾರ, ಎಂದು ಕೊನೆಗೆ ಹೇಳಿದೆ.

"ಮುಬಾರಕ್" ಎಂದ. "ಆವತ್ತು ಅಂಗಡಿ ಇದೆಯಲ್ಲ... ಬರೋಕಾಗಲ್ಲ."

"ಇರ್ಲಿ ಬಿಡು" ಎಂದೆ.

ಶುಕ್ರವಾರ ಅವನು ಅಂಗಡಿ ತೆರೆಯುವುದಿಲ್ಲ. ಅವನ ತಂದೆಯ ಕಾಲದಿಂದಲೂ ತೆರೆದದ್ದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.